ಕಲಾಯಿ ಮತ್ತು ಕರುಳು

ಹಿತ್ತಾಳೆ ತಪ್ಪಲೆಯಲ್ಲಿ ಹುಳಿ ಕುದಿಸಬಹುದು, ಆದರೆ ರಾತ್ರಿಯವರೆಗೆ ಅದರಲ್ಲೇ ಬಿಡುವಂತಿಲ್ಲ. ಮಜ್ಜಿಗೆಯಂತೂ ಹಿತ್ತಾಳೆಯನ್ನು ಮುಟ್ಟುವಂತೆಯೇ ಇಲ್ಲ, ಅದಕ್ಕೆ ಮಣ್ಣಿನ ಗಡಿಗೆ. ಉಪ್ಪಿನಕಾಯಿಗೆ ಜಾಡಿ. ಗೊಜ್ಜು, ಹುಣಸೆರಸದ ಬಾಬತ್ತಿಗೆಲ್ಲ ಕಲ್ಲಿನ ಮರಿಗೆ. ನೀರಿಗೆ ತಾಮ್ರ, ಹಾಲಿಗೆ ಹಿತ್ತಾಳೆ. 1960ರ ದಶಕದಲ್ಲಿ ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಈ ಪಟ್ಟಿಯನ್ನು ಯಾರೂ ಬರೆದಿಟ್ಟಿರಲಿಲ್ಲ. ತಪ್ಪಿದವರು ಅಜ್ಜಿಯ ಬಾಯಿಂದ ಕೇಳಿ ಕಲಿಯಬೇಕಿತ್ತು, ಅಷ್ಟೆ. ಮುಂದೆ ನಾನು ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರ ಓದಿ, ಹಾಸನದ ಕಾಲೇಜೊಂದರಲ್ಲಿ ಅದನ್ನೇ ಪಾಠ ಹೇಳಿ ನಿವೃತ್ತಳಾದೆ. ಅಜ್ಜಿಯ ಪಟ್ಟಿಯ ಒಂದೊಂದು ಸಾಲಿಗೂ ಇವತ್ತು ಸಮೀಕರಣ ಬರೆದು ತೋರಿಸಬಲ್ಲೆ. ಒಂದು ಸಾಲು ಮಾತ್ರ ಅಪಾಯದ್ದು. ಅದು ಹಾಲಿನದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ಪಟ್ಟಿ ನಡೆಯುತ್ತಿದ್ದದ್ದು ಕಲಾಯಿಯ ಬಲದ ಮೇಲೆ. ಯುಗಾದಿಗೆ ಮುಂಚೆ ಒಮ್ಮೆ, ದಸರೆಗೆ ಮುಂಚೆ ಒಮ್ಮೆ ಬೀದಿಯಲ್ಲಿ ಕೂಗು ಕೇಳಿಸುತ್ತಿತ್ತು. ಈ ಕಸುಬು ನಮ್ಮ ಕಡೆ ಹೆಚ್ಚಾಗಿ ಮುಸ್ಲಿಂ ಕುಟುಂಬಗಳದ್ದು. ಕಲಾಯಿ ಸಾಬರು ಎಂದೇ ಎಲ್ಲರೂ ಕರೆಯುತ್ತಿದ್ದೆವು. ಹೊಂಗೆಮರದ ಬುಡದಲ್ಲಿ ಸಣ್ಣ ಗುಂಡಿ ತೋಡಿ, ಚರ್ಮದ ತಿದಿಯ ಮೂತಿಯನ್ನು ಅದಕ್ಕೆ ಸೇರಿಸಿ, ಸುತ್ತ ಹಸಿಮಣ್ಣು ಮೆತ್ತಿ ಇದ್ದಿಲು ಸುರಿಯುತ್ತಿದ್ದರು. ಜೊತೆಯಲ್ಲಿ ಬಂದ ಹುಡುಗ ದೊಡ್ಡ ಕೊಪ್ಪರಿಗೆಯೊಳಗೆ ಇಳಿದು, ಮರಳು ಮತ್ತು ಹುಣಸೆಹಣ್ಣಿನ ಮೇಲೆ ಬರಿಗಾಲಲ್ಲಿ ನಿಂತು, ಸೊಂಟ ತಿರುಗಿಸುತ್ತ ಪಾದದಿಂದಲೇ ಒಳಮೈ ಉಜ್ಜುತ್ತಿದ್ದ. ಹಳೆಯ ಕರೆಯೆಲ್ಲ ಹೋಗಿ ಲೋಹದ ನಿಜಬಣ್ಣ ಕಂಡ ಮೇಲೆ ಪಾತ್ರೆ ಬೆಂಕಿಯ ಮೇಲೇರುತ್ತಿತ್ತು. ಅದು ಕಾದು ಬಂದಾಗ ಒಂದು ಚಿಟಿಕೆ ನವಸಾಗರದ ಪುಡಿ ಎರಚಿದರೆ ಬಿಳೀ ಹೊಗೆ ಭುಗ್ಗನೆ ಎದ್ದು, ನಿಂತು ನೋಡುತ್ತಿದ್ದ ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದೆವು. ಆ ಹೊಗೆಯೊಳಗೇ ತವರದ ಕಡ್ಡಿಯನ್ನು ಒಮ್ಮೆ ತಾಗಿಸುತ್ತಿದ್ದರು. ಕಡ್ಡಿಯ ತುದಿ ಕರಗಿ ಹನಿಯಾಗಿ ಹರಿಯುತ್ತಿತ್ತು. ಹತ್ತಿಯ ಉಂಡೆಯಿಂದ ಒರೆಸುತ್ತ ಹೋದ ಕಡೆಯೆಲ್ಲ ಬೆಳ್ಳಿಯಂತೆ ಹೊಳಪು. ಬಕೆಟ್ಟಿನ ನೀರಿಗೆ ಅದ್ದಿದರೆ ಕೆಲಸ ಮುಗಿಯಿತು.

ಇದರಲ್ಲಿರುವ ಜಾಣತನವೆಲ್ಲ ಆ ಚಿಟಿಕೆ ಪುಡಿಯಲ್ಲಿದೆ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಕಾದಾಗ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗಿ ಒಡೆಯುತ್ತದೆ. ಹೈಡ್ರೋಜನ್ ಕ್ಲೋರೈಡು ತಾಮ್ರದ ಮೇಲಿನ ಆಕ್ಸೈಡಿನ ಪೊರೆಯನ್ನು ತಿಂದುಹಾಕುತ್ತದೆ. ಪೊರೆ ಇದ್ದರೆ ತವರ ಹಿಡಿಯುವುದಿಲ್ಲ, ಮುದ್ದೆಗಟ್ಟಿ ಉರುಳಿಹೋಗುತ್ತದೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ತವರಕ್ಕೆ 232 ಸಾಕು. ಹಾಗಾಗಿ ಬೀದಿಬದಿಯ ಇದ್ದಿಲಿನಲ್ಲಿ ಒಂದು ಲೋಹದ ಮೇಲೆ ಇನ್ನೊಂದನ್ನು ಬಳಿಯುವುದು ಸಾಧ್ಯವಾಯಿತು. ತರಗತಿಯಲ್ಲಿ ಈ ಪಾಠ ಬಂದಾಗಲೆಲ್ಲ ಹುಡುಗರಿಗೆ ಕಲಾಯಿ ಸಾಬರ ಕಥೆ ಹೇಳುತ್ತಿದ್ದೆ. 1990 ದಾಟಿದ ಮೇಲೆ ಅವರು ಯಾರೆಂದು ಬಿಡಿಸಿ ಹೇಳುವುದೇ ಒಂದು ಪಾಠವಾಯಿತು.

ಪಾತ್ರೆಗಳು ನಾಗಮಂಗಲದವು. ಅಲ್ಲಿನ ಕಂಚುಗಾರರು ದೇವರ ವಿಗ್ರಹವನ್ನೂ ಎರಕ ಹೊಯ್ಯುತ್ತಿದ್ದರು, ಅನ್ನ ಬಾಗಿಸುವ ತಪ್ಪಲೆಯನ್ನೂ ಮಾಡುತ್ತಿದ್ದರು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು, ಕಂಚೆಂದರೆ ತಾಮ್ರ ಮತ್ತು ತವರ. ಎರಡರಲ್ಲೂ ತಾಮ್ರದ್ದೇ ಸಿಂಹಪಾಲು. ಹುಳಿ ತಾಗಿದರೆ ತಾಮ್ರ ಕರಗಿ ಹಸಿರು ಕಿಲುಬಾಗುತ್ತದೆ. ಅದು ಹೊಟ್ಟೆಗೆ ಹೋದರೆ ವಾಂತಿ, ಭೇದಿ, ಹೊಟ್ಟೆನುಲಿತ, ಎಲ್ಲವೂ ಗಂಟೆಯೊಳಗೇ. ಕಾರಣ ಮತ್ತು ಪರಿಣಾಮ ಇಷ್ಟು ಹತ್ತಿರ ಇದ್ದುದರಿಂದಲೇ ಅಜ್ಜಿಯಂದಿರಿಗೆ ಅದು ಗೊತ್ತಾಗಿದ್ದು. ಮಧ್ಯಾಹ್ನ ಉಂಡವರು ಸಂಜೆಗೆ ಮಲಗಿದರೆ ಯಾವ ಪಾತ್ರೆ ಎಂದು ಕೇಳುವುದು ಕಷ್ಟವಲ್ಲ. ಸರ್ಕಾರಕ್ಕೂ ಇದು ಗೊತ್ತಿತ್ತು. 1955ರ ಆಹಾರ ಕಲಬೆರಕೆ ತಡೆ ನಿಯಮಗಳಲ್ಲಿ, ಸರಿಯಾಗಿ ಕಲಾಯಿ ಮಾಡದ ತಾಮ್ರ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿಟ್ಟ ಆಹಾರ ತಿನ್ನಲು ಯೋಗ್ಯವಲ್ಲ ಎಂದೇ ಸೇರಿಸಿದ್ದರು. ಹೋಟೆಲುಗಳು ಕಲಾಯಿಯವರನ್ನು ತಪ್ಪದೆ ಕರೆಸುತ್ತಿದ್ದುದಕ್ಕೆ ಅದೂ ಒಂದು ಕಾರಣ.

ಈಗ ಹಾಲು.

ಹಾಲು ಹುಳಿಯಲ್ಲ. ಅದಕ್ಕೆ ಕಿಲುಬು ಕಾಣಿಸುವುದಿಲ್ಲ, ರುಚಿ ಕೆಡುವುದಿಲ್ಲ, ಕುಡಿದವರು ವಾಂತಿ ಮಾಡುವುದಿಲ್ಲ. ಹಾಗಾಗಿ ಒಳಗಡೆ ಕಲಾಯಿ ಸವೆದು ಕೆಂಪು ಕಾಣುತ್ತಿದ್ದ ತಪ್ಪಲೆಯನ್ನು ಹುಳಿಯಿಂದ ಬಿಡಿಸಿ ಹಾಲಿಗೆ ಕೊಡುವುದು ಎಷ್ಟೋ ಮನೆಗಳ ರೂಢಿ. ಆದರೆ ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿತ್ತಾಳೆಯಲ್ಲಿ ಕಾಯಿಸಿ ಅದರಲ್ಲೇ ದಿನವಿಡೀ ಇಟ್ಟ ಹಾಲು ತಾಮ್ರವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ದೊಡ್ಡವರ ಯಕೃತ್ತು ಅದನ್ನು ಪಿತ್ತದ ಮೂಲಕ ಹೊರಹಾಕುತ್ತದೆ. ಹಸುಗೂಸಿನ ಯಕೃತ್ತಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಮೇಲಾಗಿ ಹುಟ್ಟುವಾಗಲೇ ಅದು ತಾಮ್ರವನ್ನು ಶೇಖರಿಸಿಕೊಂಡು ಬಂದಿರುತ್ತದೆ.

ಕಲ್ಕತ್ತೆಯಲ್ಲಿ ಸೇನ್ ಎಂಬ ವೈದ್ಯರು 1887ರಲ್ಲೇ ಒಂದು ಕಾಯಿಲೆಯನ್ನು ವರ್ಣಿಸಿದ್ದರು. ಒಂದರಿಂದ ಮೂರು ವರ್ಷದೊಳಗಿನ ಮಗು ಕಿರಿಕಿರಿ ಮಾಡುತ್ತದೆ, ಹೊಟ್ಟೆ ಉಬ್ಬುತ್ತದೆ, ಪಕ್ಕೆಯ ಕೆಳಗೆ ಕೈಯಿಟ್ಟರೆ ಯಕೃತ್ತು ಗಟ್ಟಿಯಾಗಿ ಅಂಚು ಸಮೇತ ಸಿಗುತ್ತದೆ, ಕಾಮಾಲೆ ಬರುತ್ತದೆ, ಬಹುಪಾಲು ಮಕ್ಕಳು ತಿಂಗಳುಗಳಲ್ಲಿ ತೀರಿಕೊಳ್ಳುತ್ತವೆ. ಮುಂದೆ ಅದಕ್ಕೆ ಭಾರತದ ಮಕ್ಕಳ ಸಿರೋಸಿಸ್ ಎಂಬ ಹೆಸರು ನಿಂತಿತು. ಸುಮಾರು ಒಂದು ನೂರು ವರ್ಷ ಕಾರಣ ಸಿಗಲಿಲ್ಲ. ವೈರಸ್ ಎಂದರು, ಅಪೌಷ್ಟಿಕತೆ ಎಂದರು, ತಾಯಿಯ ಪಥ್ಯ ಎಂದರು. ವಿಚಿತ್ರವೆಂದರೆ ಈ ಕಾಯಿಲೆ ತೀರಾ ಬಡವರಲ್ಲಿ ಕಡಿಮೆ. ಬ್ರಾಹ್ಮಣರ, ವ್ಯಾಪಾರಸ್ಥರ, ಹಸು ಕಟ್ಟಿಕೊಂಡ ಅನುಕೂಲಸ್ಥರ ಮನೆಗಳಲ್ಲಿ ಹೆಚ್ಚು. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಮಗು ಹೋಗುತ್ತಿತ್ತು. ನಮ್ಮ ಬೀದಿಯಲ್ಲೂ ಅಂಥ ಮನೆಯೊಂದಿತ್ತು. ದೋಷ, ದೃಷ್ಟಿ, ನಾಗಪ್ರತಿಷ್ಠೆ ಎಲ್ಲ ನಡೆದವು. ಆ ಮನೆಯ ಅಟ್ಟದ ತುಂಬ ಒಳ್ಳೊಳ್ಳೆಯ ಹಿತ್ತಾಳೆ ಸಾಮಾನು.

1983ರಲ್ಲಿ ಸ್ಟುವರ್ಟ್ ಟ್ಯಾನರ್ ಎಂಬ ಬ್ರಿಟಿಷ್ ಮಕ್ಕಳ ವೈದ್ಯರು ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಆ ಮಕ್ಕಳ ಯಕೃತ್ತಿನಲ್ಲಿ ತಾಮ್ರ ವಿಪರೀತ ಇತ್ತು. ಆರೋಗ್ಯವಂತರಲ್ಲಿ ಒಣತೂಕದ ಪ್ರತಿ ಗ್ರಾಮಿಗೆ 50 ಮೈಕ್ರೊಗ್ರಾಮಿನ ಒಳಗಿರಬೇಕಾದದ್ದು ಇವರಲ್ಲಿ 800 ದಾಟುತ್ತಿತ್ತು. ಅದು ಎಲ್ಲಿಂದ ಬಂತೆಂದು ಹುಡುಕಿದಾಗ ಕಂಡದ್ದು, ಎದೆಹಾಲು ಬೇಗ ಬಿಡಿಸಿ ಹಿತ್ತಾಳೆ ಅಥವಾ ತಾಮ್ರದಲ್ಲಿ ಕಾಯಿಸಿದ ದನದ ಹಾಲು ಕುಡಿಸುತ್ತಿದ್ದ ರೂಢಿ. ಪುಣೆಯಲ್ಲಿ ಶೀಲಾ ಭಾವೆ, ಆನಂದ ಪಂಡಿತ್ ಮೊದಲಾದವರು ಟ್ಯಾನರ್ ಜೊತೆ ಸೇರಿ ಕಾಯಿಲೆಯ ಮಕ್ಕಳ ತಾಯಂದಿರನ್ನೂ ಆರೋಗ್ಯವಂತ ಮಕ್ಕಳ ತಾಯಂದಿರನ್ನೂ ಕೂರಿಸಿಕೊಂಡು, ಹಾಲನ್ನು ಯಾವ ಪಾತ್ರೆಯಲ್ಲಿ ಕಾಯಿಸಿದಿರಿ, ಯಾವುದರಲ್ಲಿ ಇಟ್ಟಿರಿ ಎಂದು ಕೇಳಿ ದಾಖಲಿಸಿದರು. ಅಷ್ಟು ಸರಳ ಪ್ರಶ್ನೆ. ಅದನ್ನು ಕೇಳಲು ಅಷ್ಟು ವರ್ಷ ಬೇಕಾಯಿತು.

ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಆಸ್ಟ್ರಿಯಾದ ಪಶ್ಚಿಮ ಭಾಗದಲ್ಲಿರುವ ಟೈರೋಲ್ ಪರ್ವತ ಸೀಮೆಯಲ್ಲಿ 1900ರಿಂದ 1974ರೊಳಗೆ 138 ಮಕ್ಕಳು ಇದೇ ರೀತಿ ಸತ್ತಿದ್ದನ್ನು 1996ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿತು. ಅಲ್ಲಿಯೂ ಹಸುವಿನ ಹಾಲು, ಕಲಾಯಿ ಇಲ್ಲದ ತಾಮ್ರದ ಪಾತ್ರೆ. ಎಲ್ಲ ಮಕ್ಕಳಿಗೂ ಬರಲಿಲ್ಲ. ವಂಶದಲ್ಲಿ ಇಳಿದುಬಂದ ಒಂದು ದೌರ್ಬಲ್ಯವೂ ಜೊತೆಗೆ ಬೇಕಿತ್ತು. ನಮ್ಮಲ್ಲಿಯೂ ತಾಮ್ರವೊಂದೇ ಕಾರಣವಲ್ಲ ಎಂದು ವಾದಿಸುವ ವೈದ್ಯರಿದ್ದಾರೆ, ಅವರ ವಾದದಲ್ಲಿ ಹುರುಳಿದೆ. ಆದರೆ ಎರಡೂ ಕಡೆ ಪಾತ್ರೆ ಬದಲಾದ ಮೇಲೆ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. 1990ರ ದಶಕದಲ್ಲಿ ಓದಿದ ನಮ್ಮ ಎಂಬಿಬಿಎಸ್ ಹುಡುಗರು ಅದನ್ನು ಪುಸ್ತಕದಲ್ಲಷ್ಟೇ ನೋಡಿದರು. ಅದನ್ನು ಓಡಿಸಿದ ಶ್ರೇಯಸ್ಸು ಔಷಧಿಗಿಂತ ಹೆಚ್ಚಾಗಿ, ಹಳೆ ಸೀರೆ ಪಂಚೆ ತೆಗೆದುಕೊಂಡು ಸ್ಟೀಲ್ ಡಬರಿ ಕೊಡುತ್ತಿದ್ದ ಪಾತ್ರೆಯ ಹೆಂಗಸರಿಗೆ ಸಲ್ಲಬೇಕು.

ಕಲಾಯಿಗೂ ತನ್ನದೇ ಕಳ್ಳಬಾಗಿಲಿತ್ತು. ತವರ ದುಬಾರಿ, ಸೀಸ ಅಗ್ಗ. ಎರಡೂ ಬೆರೆತರೆ ಇನ್ನೂ ಸುಲಭವಾಗಿ ಕರಗುತ್ತದೆ, ಹೊಳಪೂ ಬರುತ್ತದೆ, ಗೃಹಿಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಸೀಸ ರಕ್ತಕ್ಕೂ ಮಿದುಳಿಗೂ ಕರುಳಿಗೂ ವಿಷ. ಸೀಸ ಸೇರಿದವರಿಗೆ ಬರುವ ಹೊಟ್ಟೆನುಲಿತವನ್ನು ಅಪೆಂಡಿಸೈಟಿಸ್ ಎಂದು ತಿಳಿದು ಹೊಟ್ಟೆ ಕುಯ್ದ ಉದಾಹರಣೆಗಳು ವೈದ್ಯಕೀಯದಲ್ಲಿವೆ. ನಮ್ಮ ಅಜ್ಜಿ ಸಾಬರ ಕೈಯಿಂದ ಕಡ್ಡಿ ಇಸಿದುಕೊಂಡು, ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದರು. ಅಪ್ಪಟ ತವರ ಬಗ್ಗುವಾಗ ಒಳಗಿನ ಹರಳುಗಳು ಜರುಗಿ ಕಿರ್ರೆನ್ನುತ್ತದೆ. ಸೀಸ ಬೆರೆತದ್ದು ಸುಮ್ಮನೆ ಬಗ್ಗುತ್ತದೆ. ಕಿರ್ರೆಂದರೆ ಪಾತ್ರೆ ಹೊರಗೆ ಬರುತ್ತಿದ್ದವು. ಮೊನ್ನೆ ಹಾಸನದಲ್ಲಿ ಗ್ಯಾಸ್ ಬರ್ನರ್ ಇಟ್ಟುಕೊಂಡು ಕಲಾಯಿ ಮಾಡುವ ಹಿರಿಯರೊಬ್ಬರು ಸಿಕ್ಕರು. ಮದುವೆ ಅಡುಗೆಯವರ ಕೊಪ್ಪರಿಗೆ, ಬಿರಿಯಾನಿಯ ದೇಗು, ಇಷ್ಟೇ ಈಗ ಅವರ ಕೆಲಸ. ಹಿತ್ತಾಳೆ ತಪ್ಪಲೆಗೆ ಎಷ್ಟು ತೊಗೋತೀರಿ ಸಾಬ್ರೇ ಎಂದೆ. "ಅಡಿಗೆ ಮಾಡೋಕಾ, ಶೋಕೇಸ್‌ನಲ್ಲಿ ಇಡೋಕಾ ಹೇಳಿ ಅಮ್ಮಾ, ಎರಡಕ್ಕೂ ಬೇರೆ ಬೇರೆ ರೇಟು" ಎಂದರು. ಅಡುಗೆಗೆ ತವರ, ಶೋಕೇಸಿಗೆ ಬೆರಕೆ. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಕಲಾಯಿಯವರ ಕಸುಬನ್ನು ಕೊಂದದ್ದು ಮೊದಲು ಅಲ್ಯುಮಿನಿಯಂ, ಆಮೇಲೆ ಸ್ಟೀಲು. ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಇಂಜಿನಿಯರ್ 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆ ಮಾಡುವುದನ್ನು ಶುರುಮಾಡಿಸಿದರು. ಇದೇ ಚಾಟರ್ಟನ್ 1910ರ ದಶಕದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದರು. ಹಗುರ, ಅಗ್ಗ, ಬೇಗ ಕಾಯುತ್ತದೆ, ಕಿಲುಬಿಲ್ಲ, ಕಲಾಯಿಯ ಖರ್ಚಿಲ್ಲ. ಬಡವರ ಮನೆಗೆ ಅದು ಒಗ್ಗಿತು. ಮಡಿವಂತರ ಮನೆಗೆ ಕೊನೆಗೆ ಬಂತು, ಅದೂ ಹಿತ್ತಲ ಬಾಗಿಲಿಂದ. 1970ರ ಹೊತ್ತಿಗೆ ಬೆಳಗಾವಿಯಲ್ಲೇ ಬಾಕ್ಸೈಟಿನಿಂದ ಅಲ್ಯುಮಿನಿಯಂ ತೆಗೆಯುವ ಕಾರ್ಖಾನೆ ಎದ್ದಿತು. ಸ್ಟೀಲು ಮಾತ್ರ ಎಲ್ಲರ ಮನೆಗೂ ಮುಂಬಾಗಿಲಿನಿಂದಲೇ ಬಂತು. 1980ರ ದಶಕದ ಆರಂಭದಲ್ಲಿ ಸೇಲಂ ಕಾರ್ಖಾನೆ ಸ್ಟೇನ್‌ಲೆಸ್ ತಗಡು ಹೊರಡಿಸತೊಡಗಿದ ಮೇಲೆ ಹೆಸರು ಕೊರೆಸಿದ ಸ್ಟೀಲ್ ಲೋಟವಿಲ್ಲದೆ ಮದುವೆಯೇ ಇಲ್ಲವೆಂಬಂತಾಯಿತು. ನಮ್ಮ ಮನೆಯ ಹಿತ್ತಾಳೆಯೆಲ್ಲ ಕಿಲೋ ಲೆಕ್ಕದಲ್ಲಿ ಹೋಯಿತು.

ಇಷ್ಟೆಲ್ಲ ಕೆದಕುವಂತೆ ಮಾಡಿದವಳು ನನ್ನ ಅಕ್ಕನ ಮಗಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಮೂವತ್ತೆರಡು ವಯಸ್ಸು, ಕ್ರೋನ್ಸ್ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ಮೂವರು ವೈದ್ಯರು, ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್, ಈ ಕಾಯಿಲೆಯನ್ನು ವರ್ಣಿಸಿದ್ದು. ದೇಹದ ರೋಗನಿರೋಧಕ ಪಡೆ ತನ್ನದೇ ಕರುಳಿನ ಮೇಲೆ ಬಿದ್ದು ಊತ, ಹುಣ್ಣು, ರಕ್ತಸ್ರಾವ ಮಾಡುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಇದರ ಒಡಹುಟ್ಟು. ಬಿಳಿಯರ ಕಾಯಿಲೆ ಎಂದು ನಮ್ಮ ವೈದ್ಯರು ಬಹುಕಾಲ ನಂಬಿದ್ದರು. ಆದರೆ 2003ರಲ್ಲಿ ಪ್ರಕಟವಾದ ಲುಧಿಯಾನದ ಸಮೀಕ್ಷೆಯಲ್ಲಿ ಲಕ್ಷಕ್ಕೆ 44 ಜನರಿಗೆ ಕೊಲೈಟಿಸ್ ಸಿಕ್ಕಿತು. ನಮ್ಮ ಹುಡುಗಿ ಅಂತರ್ಜಾಲದಲ್ಲಿ ಏನೋ ಓದಿ, ಕುಕ್ಕರು ಬಾಣಲೆ ಸಮೇತ ಅಲ್ಯುಮಿನಿಯಂ ಎಲ್ಲವನ್ನೂ ಹೊರಗೆ ಹಾಕಿ, ಆನ್‌ಲೈನಿನಲ್ಲಿ ಹಿತ್ತಾಳೆ ತಪ್ಪಲೆ ತರಿಸಿದಳು. ವೀಡಿಯೊ ಕರೆಯಲ್ಲಿ ಒಳಗಡೆ ತೋರಿಸು ಎಂದೆ. ಚಿನ್ನದಂತೆ ಹಳದಿ. "ಕಲಾಯಿ ಎಲ್ಲೇ?" ಎಂದರೆ, "ಕಲಾಯಿ ಅಂದ್ರೆ ಏನು ಚಿಕ್ಕಮ್ಮ?"

ಅಲ್ಯುಮಿನಿಯಂ ಬಗ್ಗೆ ಅವಳಿಗಿದ್ದ ಅನುಮಾನಕ್ಕೆ ಆಧಾರವೇ ಇಲ್ಲವೆನ್ನಲಾರೆ. ಈ ಲೋಹ ಮರೆವಿನ ಕಾಯಿಲೆ ತರುತ್ತದೆಯೇ ಎಂದು ಜನ ಎಷ್ಟೋ ವರ್ಷ ತಲೆಬಿಸಿ ಮಾಡಿಕೊಂಡರು. ಆದರೆ ತಿಂದ ಅಲ್ಯುಮಿನಿಯಂನಲ್ಲಿ ನೂರಕ್ಕೆ ಒಂದು ಪಾಲೂ ರಕ್ತಕ್ಕೆ ಹೋಗುವುದಿಲ್ಲ. ಮಿಕ್ಕದ್ದೆಲ್ಲ ಕರುಳಿನಲ್ಲೇ ಸಾಗಿ ಹೊರಬೀಳುತ್ತದೆ. ಹಾಗಿದ್ದ ಮೇಲೆ ಮೊದಲು ನೋಡಬೇಕಾದದ್ದು ಕರುಳನ್ನಲ್ಲವೇ? ಫ್ರಾನ್ಸಿನ ಲಿಲ್ ನಗರದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕರುಳೂತ ಇರುವ ಇಲಿಗಳಿಗೆ ಅಲ್ಯುಮಿನಿಯಂ ತಿನ್ನಿಸಿದಾಗ ಊತ ಹೆಚ್ಚಿತು, ಹುಣ್ಣು ಮಾಯುವುದು ನಿಧಾನವಾಯಿತು. ಇಲಿಗಳಲ್ಲಿ. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಅದೂ ಅಲ್ಲದೆ ನಮ್ಮ ಹೊಟ್ಟೆ ಸೇರುವ ಅಲ್ಯುಮಿನಿಯಂ ಪಾತ್ರೆಯಿಂದಷ್ಟೇ ಬರುವುದಿಲ್ಲ. ಮಣ್ಣಿನಿಂದ ಅದನ್ನು ಹೀರಿಕೊಳ್ಳುವ ಟೀ ಎಲೆಯಲ್ಲಿದೆ, ಕೆಲವು ಬೇಕಿಂಗ್ ಪೌಡರಿನಲ್ಲಿದೆ, ಎದೆಯುರಿಗೆ ನುಂಗುವ ಕೆಲವು ಆಂಟಾಸಿಡ್‌ಗಳಲ್ಲಂತೂ ಧಾರಾಳವಾಗಿದೆ. ಹುಣಸೆಹುಳಿಯನ್ನು ಅಲ್ಯುಮಿನಿಯಂನಲ್ಲಿ ಕುದಿಸಿ ಅದರಲ್ಲೇ ಇಡುವುದು ಬೇಡ ಎಂದು ನಾನೂ ಹೇಳುತ್ತೇನೆ. ಅಜ್ಜಿಯ ಹಳೇ ನಿಯಮ ಹೊಸ ಲೋಹಕ್ಕೂ ಸಲ್ಲುತ್ತದೆ.

ಕರುಳಿನ ಗೋಡೆಯಲ್ಲಿ ಪೇಯರ್ ತೇಪೆಗಳೆಂಬ ಕಾವಲುಠಾಣೆಗಳಿವೆ. ದೊಡ್ಡವರಲ್ಲಿ ಅವುಗಳ ಒಳಗೆ ಕಪ್ಪು ಬಣ್ಣ ಕಾಣಿಸುತ್ತದೆ. ಅದೇನೆಂದು ಬ್ರಿಟನ್ನಿನ ಜೊನಾಥನ್ ಪವೆಲ್ ಮತ್ತು ಸಂಗಡಿಗರು 1996ರಲ್ಲಿ ಬಿಡಿಸಿ ನೋಡಿದಾಗ ಸಿಕ್ಕಿದ್ದು ಟೈಟಾನಿಯಂ ಡೈಆಕ್ಸೈಡಿನ ಕಣ ಮತ್ತು ಅಲ್ಯುಮಿನಿಯಂ ಇರುವ ಜೇಡಿಮಣ್ಣಿನಂಥ ಕಣ. ಮೊದಲನೆಯದು ಮಿಠಾಯಿ, ಚ್ಯೂಯಿಂಗ್ ಗಮ್, ಮಾತ್ರೆಗಳಿಗೆ ಬಿಳುಪು ಕೊಡುವ ಬಣ್ಣ. ಹಾಗಿದ್ದರೆ ಇವನ್ನು ಊಟದಿಂದ ತೆಗೆದರೆ ಕ್ರೋನ್ಸ್ ಇಳಿಯುತ್ತದೆಯೇ? 2001ರಲ್ಲಿ 20 ರೋಗಿಗಳ ಮೇಲೆ ಮಾಡಿ ನೋಡಿದಾಗ ಹೌದೆನಿಸಿತು. 2005ರಲ್ಲಿ 83 ರೋಗಿಗಳೊಂದಿಗೆ, ಹಲವು ಆಸ್ಪತ್ರೆಗಳಲ್ಲಿ, ಕಟ್ಟುನಿಟ್ಟಾಗಿ ಮಾಡಿದಾಗ ಪ್ರಯೋಜನ ಕಾಣಲಿಲ್ಲ. ಮೊದಲಿನ ಫಲಿತಾಂಶವನ್ನು ಹಂಚಿಕೊಳ್ಳುವವರು ಎರಡನೆಯದನ್ನು ಹೇಳುವುದಿಲ್ಲ, ಇದು ನನ್ನ ತಕರಾರು. ಐರೋಪ್ಯ ಒಕ್ಕೂಟ 2022ರಲ್ಲಿ ಆ ಬಿಳುಪನ್ನು ಆಹಾರದಲ್ಲಿ ನಿಷೇಧಿಸಿತು. ಆದರೆ ಅದು ವಂಶವಾಹಿಗೆ ಹಾನಿಯಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬ ಕಾರಣಕ್ಕೆ, ಕರುಳಿನ ಕಾರಣಕ್ಕಲ್ಲ.

ತಾಮ್ರದ ಪರ ಹೇಳುವುದೂ ಇದೆ. ಬೆಂಗಳೂರಿನ ಸಂಶೋಧಕರ ತಂಡವೊಂದು, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟರೆ ಅವು ಸಾಯುತ್ತವೆಂದೂ, ನೀರಿಗೆ ಸೇರಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಲೀಟರಿಗೆ 2 ಮಿಲಿಗ್ರಾಮಿನ ಮಿತಿಗಿಂತ ಬಹಳ ಕೆಳಗಿತ್ತೆಂದೂ 2012ರಲ್ಲಿ ತೋರಿಸಿತು. ನೀರಿಗೆ ತಾಮ್ರ ಎಂಬ ಸಾಲು ಉಳಿಯಿತು.

ನನಗೆ ನಿಜವಾಗಿ ಗಾಬರಿಯಾದದ್ದು ಪಾತ್ರೆಯ ವಿಷಯಕ್ಕಲ್ಲ. ಕಬ್ಬಿಣವೂ ಲೋಹವೇ ಎಂದು ನಮ್ಮ ಹುಡುಗಿ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಹೇಳದೆ ಕೇಳದೆ ನಿಲ್ಲಿಸಿಬಿಟ್ಟಿದ್ದಳು. ರಕ್ತ ಹೋಗುವ ಕರುಳಿನವರಿಗೆ ರಕ್ತಹೀನತೆ ಬೆನ್ನಿಗೇ ಇರುತ್ತದೆ. ಅವಳ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಅವಳು ಓದಿದ್ದು ಸುಳ್ಳೂ ಅಲ್ಲ. ಮ್ಯೂನಿಕ್ಕಿನ ವಿಜ್ಞಾನಿಗಳು 2011ರಲ್ಲಿ, ಕ್ರೋನ್ಸ್ ಥರದ ಊತ ಬರುವ ತಳಿಯ ಇಲಿಗಳಿಗೆ ಕಬ್ಬಿಣ ಕಡಿಮೆ ಇರುವ ಆಹಾರ ಕೊಟ್ಟು ನೋಡಿದರು. ಊತ ಬರಲಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳ ಸಂಸಾರವೇ ಬದಲಾಗಿತ್ತು. ಆದರೆ ಆ ಲೇಖನದ ಇನ್ನರ್ಧವನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅದೇ ಇಲಿಗಳಿಗೆ ಕಬ್ಬಿಣವನ್ನು ಚುಚ್ಚುಮದ್ದಿನಿಂದ ಕೊಟ್ಟಾಗ ಆ ತೊಂದರೆ ಆಗಲಿಲ್ಲ. ಕರುಳಿನೊಳಗೆ ಉಳಿಯುವ ಕಬ್ಬಿಣವೇ ಬೇರೆ, ರಕ್ತಕ್ಕೆ ನೇರ ಸೇರುವ ಕಬ್ಬಿಣವೇ ಬೇರೆ. ಕಾಯಿಲೆ ಕೆರಳಿರುವಾಗ ಮಾತ್ರೆಯ ಬದಲು ಡ್ರಿಪ್ಪಿನಲ್ಲಿ ಕಬ್ಬಿಣ ಕೊಡುವುದು ಈಗ ವೈದ್ಯರಲ್ಲಿ ರೂಢಿಯೇ ಆಗಿದೆ. ಹೋಗಿ ಅದನ್ನು ಕೇಳು, ಮಾತ್ರೆ ಬಿಟ್ಟದ್ದನ್ನೂ ಮುಚ್ಚಿಡದೆ ಹೇಳು ಎಂದೆ. ಹೋದಳು. ಡ್ರಿಪ್ ಹಾಕಿದರು.

ಅವಳ ಹೊಸ ತಪ್ಪಲೆಯಲ್ಲಿ ಈಗ ಸ್ನಾನದ ನೀರು ಕಾಯುತ್ತದೆ. ಹಾಲು ಸ್ಟೀಲಿನಲ್ಲಿ, ಹುಳಿಯೂ ಸ್ಟೀಲಿನಲ್ಲಿ. ಮಾತ್ರೆ, ಊಟ, ಹೊಟ್ಟೆಯ ಸ್ಥಿತಿ ಎಲ್ಲ ಬರೆದಿಡುವ ಅವಳ ನೋಟುಪುಸ್ತಕದಲ್ಲಿ ನಾನು ಒಂದು ಕಾಲಂ ಹೆಚ್ಚಿಗೆ ಎಳೆಸಿದ್ದೇನೆ, ಯಾವ ಪಾತ್ರೆ ಎಂದು. ಹೋದ ಸಲ ತಪಾಸಣೆಗೆ ಹೋದಾಗ ವೈದ್ಯರು ಅದನ್ನು ನೋಡಿ, ಇದು ಯಾಕೆ ಎಂದು ಕೇಳಿದರಂತೆ. ಪುಣೆಯ ಹಾಲಿನ ಕಥೆ ಹೇಳಿ ಬಂದಿದ್ದಾಳೆ.